ಗೆಳೆಯರೊಡನೆ ಚಾರಣ: ಹೊರಡುವ ಮೊದಲು ನಾಲ್ಕು ಲೆಕ್ಕಗಳು



ಪರೀಕ್ಷೆ ಮುಗಿದು ರಜೆ ಹತ್ತಿರವಾದಂತೆ ಕಾಲೇಜಿನ ಕ್ಯಾಂಟೀನಿನಲ್ಲಿ ಒಂದು ಮಾತು ಹುಟ್ಟುತ್ತದೆ. "ಎಲ್ಲರೂ ಸೇರಿ ಯಾವುದಾದರೂ ಬೆಟ್ಟ ಹತ್ತೋಣ, ಒಂದು ರಾತ್ರಿ ಡೇರೆಯಲ್ಲಿ ಮಲಗೋಣ." ಆರು ಮಂದಿ ಒಪ್ಪುತ್ತಾರೆ. ಒಂದು ವಾರ ಕಳೆಯುವಷ್ಟರಲ್ಲಿ ಒಬ್ಬನಿಗೆ ಜ್ವರ ಬರುತ್ತದೆ, ಇನ್ನೊಬ್ಬಳಿಗೆ ಮನೆಯಲ್ಲಿ ಕೆಲಸ ಬೀಳುತ್ತದೆ. ಎಷ್ಟೋ ಸಲ ಜ್ವರವೂ ಇರುವುದಿಲ್ಲ, ಕೆಲಸವೂ ಇರುವುದಿಲ್ಲ. ಎಷ್ಟು ಖರ್ಚಾಗಬಹುದು ಎಂದು ಯಾರೂ ಹೇಳಿರುವುದಿಲ್ಲ. ಅಷ್ಟು ಹಣ ತನ್ನಲ್ಲಿಲ್ಲ ಎಂದು ಬಾಯಿಬಿಟ್ಟು ಹೇಳಲು ಸಂಕೋಚ, ಅಷ್ಟೇ.

ಉಳಿದ ನಾಲ್ವರು ಹೊರಟರೂ ಇನ್ನೊಂದು ಅಪಾಯ ಕಾದಿರುತ್ತದೆ. ಖರ್ಚು ಉಳಿಸುವ ಹುರುಪಿನಲ್ಲಿ ನೀರಿನ ಬಾಟಲಿ, ನೆಲಹಾಸು, ಟಾರ್ಚುಗಳನ್ನು ಬಿಟ್ಟು ಹೋಗುತ್ತಾರೆ. ಕಡಿಮೆ ಖರ್ಚಿನ ಪ್ರವಾಸವೆಂದರೆ ಕಡಿಮೆ ಸಿದ್ಧತೆಯ ಪ್ರವಾಸವೆಂದು ನಾವು ತಪ್ಪು ತಿಳಿಯುತ್ತೇವೆ. ನಿಜ ಇದಕ್ಕೆ ವಿರುದ್ಧವಾದುದು. ಹಣವಿದ್ದವರು ಮರೆತದ್ದನ್ನು ದಾರಿಯಲ್ಲಿ ಕೊಂಡುಕೊಳ್ಳಬಹುದು, ಸುಸ್ತಾದರೆ ಜೀಪು ಹಿಡಿಯಬಹುದು. ಹಣ ಕಡಿಮೆಯಿದ್ದಾಗ ಆ ಕೆಲಸವನ್ನು ಮೊದಲೇ ಮಾಡಿಟ್ಟ ಲೆಕ್ಕ ಮಾಡಬೇಕು. ಹಣ, ಸಮಯ, ಭಾರ ಮತ್ತು ಮೈಯ ಬಿಸಿ, ಈ ನಾಲ್ಕು ಲೆಕ್ಕಗಳನ್ನು ಇಲ್ಲಿ ಒಂದೊಂದಾಗಿ ನೋಡೋಣ.

ಒಬ್ಬ ಶಾಲಾ ಮೇಷ್ಟ್ರ ಕಥೆ

ವಿದ್ಯಾರ್ಥಿಗಳ ಅಗ್ಗದ ಪ್ರವಾಸಕ್ಕೆ ನೂರು ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ. ಜರ್ಮನಿಯಲ್ಲಿ ರಿಚರ್ಡ್ ಶಿರ್ಮಾನ್ ಎಂಬ ಶಾಲಾ ಶಿಕ್ಷಕರು ತಮ್ಮ ವಿದ್ಯಾರ್ಥಿಗಳನ್ನು ಕಾಲ್ನಡಿಗೆಯ ಪ್ರವಾಸಕ್ಕೆ ಕರೆದೊಯ್ಯುತ್ತಿದ್ದರು. 1909ರ ಆಗಸ್ಟ್ ತಿಂಗಳ ಒಂದು ರಾತ್ರಿ ಗುಡುಗು ಮಳೆಗೆ ಸಿಕ್ಕ ಈ ತಂಡಕ್ಕೆ ಒಂದು ಹಳ್ಳಿಯ ಶಾಲೆಯಲ್ಲಿ ಆಸರೆ ದೊರೆಯಿತು. ಹುಲ್ಲು ಹಾಸಿ ಮಕ್ಕಳು ಮಲಗಿದರು. ಶಿಕ್ಷಕರಿಗೆ ಅಂದು ಒಂದು ವಿಚಾರ ಹೊಳೆಯಿತು: ರಜೆಯಲ್ಲಿ ಖಾಲಿ ಬಿದ್ದಿರುವ ಶಾಲೆಗಳು ನಡೆಯುವ ಮಕ್ಕಳಿಗೆ ತಂಗುದಾಣಗಳಾಗಬಾರದೇಕೆ? ಆ ವಿಚಾರವೇ ಬೆಳೆದು 1912ರಲ್ಲಿ ಆಲ್ಟೆನಾ ಎಂಬಲ್ಲಿನ ಹಳೆಯ ಕೋಟೆಯಲ್ಲಿ ಮೊದಲ ಕಾಯಂ ಯೂತ್ ಹಾಸ್ಟೆಲ್ ಆಯಿತು. ಇಂದು ಈ ಚಳವಳಿ ನಮ್ಮ ದೇಶವೂ ಸೇರಿದಂತೆ ಹಲವು ದೇಶಗಳಲ್ಲಿದೆ. ಅದರ ತತ್ವ ಸರಳ: ಸೌಕರ್ಯ ಕಡಿಮೆಯಿರಲಿ, ಆದರೆ ಹಣವಿಲ್ಲವೆಂಬ ಕಾರಣಕ್ಕೆ ಯಾವ ಹುಡುಗನೂ ಹುಡುಗಿಯೂ ಹಿಂದೆ ಉಳಿಯಬಾರದು.

ಹಣದ ಲೆಕ್ಕ

ಈ ತತ್ವವನ್ನು ನಿಮ್ಮ ತಂಡದಲ್ಲೂ ಪಾಲಿಸಲು ಒಂದು ಸುಲಭ ಉಪಾಯವಿದೆ. ಮೊದಲ ದಿನವೇ ಪ್ರತಿಯೊಬ್ಬರೂ ತಾವು ಎಷ್ಟು ಖರ್ಚು ಮಾಡಬಲ್ಲಿರಿ ಎಂಬುದನ್ನು ಹೆಸರು ಹಾಕದೆ ಒಂದು ಚೀಟಿಯಲ್ಲಿ ಬರೆದು ಮಡಚಿ ಹಾಕಿ. ಚೀಟಿಗಳನ್ನು ಬಿಚ್ಚಿದಾಗ ಅತಿ ಕಡಿಮೆ ಮೊತ್ತ ಯಾವುದೋ ಅದೇ ತಲಾ ಖರ್ಚಿನ ಮಿತಿ. ಯಾವ ಊರು, ಯಾವ ಬೆಟ್ಟ ಎಂಬುದನ್ನು ಆಮೇಲೆ ನಿರ್ಧರಿಸಿ. ಸಾಮಾನ್ಯವಾಗಿ ನಾವು ಬೆಟ್ಟವನ್ನು ಮೊದಲು ಆರಿಸಿ ಹಣಕ್ಕೆ ಆಮೇಲೆ ಪರದಾಡುತ್ತೇವೆ.

ಖರ್ಚಿನಲ್ಲಿ ಎರಡು ಬಗೆ ಉಂಟು. ಬಸ್ಸಿನ ಟಿಕೆಟ್, ಊಟ, ಪ್ರವೇಶ ಶುಲ್ಕ ತಲೆಗೆ ಇಷ್ಟೆಂದು ಬರುವಂಥವು. ಡೇರೆಯ ಬಾಡಿಗೆ, ಆಟೋ ಅಥವಾ ಜೀಪಿನ ಬಾಡಿಗೆ, ಔಷಧದ ಪೆಟ್ಟಿಗೆ ಇವು ಇಡೀ ತಂಡಕ್ಕೆ ಸೇರಿದ್ದು. ಎರಡನೆಯ ಬಗೆಯದು 1,800 ರೂಪಾಯಿ ಎಂದಿಟ್ಟುಕೊಳ್ಳಿ. ಆರು ಮಂದಿಗೆ ಹಂಚಿದರೆ ತಲೆಗೆ 300. ಹಿಂದಿನ ದಿನ ಇಬ್ಬರು ತಪ್ಪಿಸಿಕೊಂಡರೆ ಉಳಿದವರ ಪಾಲು 450ಕ್ಕೆ ಏರುತ್ತದೆ. ಕಡಿಮೆ ಮೊತ್ತ ಬರೆದ ಗೆಳೆಯನಿಗೆ ಈ 150 ರೂಪಾಯಿ ದೊಡ್ಡದು. ಆದ್ದರಿಂದ ತಂಡದ ಖರ್ಚಿನ ಪಾಲನ್ನು ವಾರ ಮೊದಲೇ ಸಂಗ್ರಹಿಸಿ, ಬರದಿದ್ದರೂ ಅದು ವಾಪಸಿಲ್ಲ ಎಂಬ ಕರಾರು ಮಾಡಿಕೊಳ್ಳುವುದು ನ್ಯಾಯ.

ಪ್ರಯಾಣದಲ್ಲಿ ಉಳಿತಾಯದ ದಾರಿಗಳಿವೆ. ರಾತ್ರಿಯ ಸಾಮಾನ್ಯ ಬಸ್ಸಿನಲ್ಲೋ ರೈಲಿನಲ್ಲೋ ಹೊರಟರೆ ಒಂದು ರಾತ್ರಿಯ ವಸತಿ ಖರ್ಚು ಉಳಿಯುತ್ತದೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಂತೆ ಕರ್ನಾಟಕದ ನಿವಾಸಿಗಳಾದ ಮಹಿಳೆಯರು ಮತ್ತು ವಿದ್ಯಾರ್ಥಿನಿಯರು ರಾಜ್ಯದೊಳಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಉಚಿತವಾಗಿ ಪ್ರಯಾಣಿಸಬಹುದು. ಆರು ಮಂದಿಯ ತಂಡದಲ್ಲಿ ಮೂವರು ಹುಡುಗಿಯರಿದ್ದರೆ ಬಸ್ಸಿನ ಖರ್ಚು ಅರ್ಧಕ್ಕೆ ಇಳಿಯಿತು. ಆ ಉಳಿತಾಯವನ್ನು ಎಲ್ಲರೂ ಹಂಚಿಕೊಳ್ಳಬೇಕೇ ಬೇಡವೇ ಎಂಬುದನ್ನು ಹೊರಡುವ ಮೊದಲೇ ಮಾತಾಡಿಕೊಳ್ಳಿ. ಕೊನೆಯದಾಗಿ, ಒಟ್ಟು ಹಣದಲ್ಲಿ ಹತ್ತನೇ ಒಂದು ಭಾಗವನ್ನು ಆಪತ್ತಿಗೆಂದು ತೆಗೆದಿಟ್ಟು, ಖರ್ಚು ನೋಡಿಕೊಳ್ಳುವವನ ಕೈಗೆ ಕೊಡದೆ ಬೇರೊಬ್ಬರ ಬಳಿ ಇಡಿ.

ಸಮಯದ ಲೆಕ್ಕ

ಬೆಟ್ಟದಲ್ಲಿ ಆಗುವ ಅನೇಕ ಅವಘಡಗಳಿಗೆ ಮೂಲ ಕತ್ತಲೆ. ದಾರಿ ತಪ್ಪುವುದು, ಕಾಲು ಉಳುಕುವುದು, ಗಾಬರಿಯಾಗುವುದು, ಇವೆಲ್ಲ ಬಹುಮಟ್ಟಿಗೆ ಸಂಜೆಯ ಮೇಲೆ ಹೊತ್ತು ಮೀರಿದಾಗಿನ ಕಷ್ಟಗಳು. ಇದನ್ನು ಮನೆಯಲ್ಲೇ ಕಾಗದ ಪೆನ್ಸಿಲ್ ಹಿಡಿದು ತಪ್ಪಿಸಬಹುದು.

ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಒಂದು ಸೂತ್ರ ಹೇಳಿದರು. ಈಗಿನ ಅಳತೆಯಲ್ಲಿ ಅದು ಹೀಗೆ: ಪ್ರತಿ 5 ಕಿಲೋಮೀಟರ್ ದೂರಕ್ಕೆ ಒಂದು ಗಂಟೆ, ಏರಬೇಕಾದ ಪ್ರತಿ 600 ಮೀಟರ್ ಎತ್ತರಕ್ಕೆ ಇನ್ನೊಂದು ಗಂಟೆ. ಎರಡನ್ನೂ ಕೂಡಿಸಿದರೆ ಗಟ್ಟಿಗನೊಬ್ಬ ಎಲ್ಲೂ ನಿಲ್ಲದೆ ನಡೆದರೆ ಬೇಕಾಗುವ ವೇಳೆ ಸಿಗುತ್ತದೆ.

ನಮ್ಮ ವಿದ್ಯಾರ್ಥಿಗಳಿಗೆ ಪ್ರಿಯವಾದ ಕುಮಾರ ಪರ್ವತವನ್ನೇ ತೆಗೆದುಕೊಳ್ಳೋಣ. ಇದರ ಎತ್ತರ 1,712 ಮೀಟರ್. ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಹತ್ತಿದರೆ ದೂರ ಸುಮಾರು 13 ಕಿಲೋಮೀಟರ್, ಏರು ಸುಮಾರು 1,600 ಮೀಟರ್. ದೂರಕ್ಕೆ ಎರಡೂವರೆ ಗಂಟೆಗೆ ಸ್ವಲ್ಪ ಹೆಚ್ಚು, ಏರಿಗೆ ಸುಮಾರು ಅಷ್ಟೇ, ಒಟ್ಟು ಐದು ಗಂಟೆಯ ಮೇಲೆ ಕಾಲು ಗಂಟೆ. ಬೆನ್ನ ಮೇಲೆ ಚೀಲವಿದೆ, ನಡುವೆ ಕೂರಬೇಕು, ತಿನ್ನಬೇಕು, ಕೆಲವರಿಗೆ ಇದೇ ಮೊದಲ ಚಾರಣ. ಹಾಗಾಗಿ ಇದರ ಮೇಲೆ ಅರ್ಧದಷ್ಟು ಸೇರಿಸಿದರೆ ಎಂಟು ಗಂಟೆ ಆಯಿತು. ಇಳಿಯಲು ಐದು ಗಂಟೆಯಾದರೂ ಬೇಕು. ಎಲ್ಲ ಸೇರಿ ಹದಿಮೂರು ಗಂಟೆ. ಡಿಸೆಂಬರಿನಲ್ಲಿ ನಮ್ಮಲ್ಲಿ ಹಗಲು ಇರುವುದು ಸುಮಾರು ಹನ್ನೊಂದೂವರೆ ಗಂಟೆ ಮಾತ್ರ! ಹೊಸಬರ ತಂಡ ಒಂದೇ ದಿನದಲ್ಲಿ ಹತ್ತಿ ಇಳಿಯುತ್ತೇವೆಂದು ಹೊರಟರೆ ಕೊನೆಯ ಭಾಗವನ್ನು ಕತ್ತಲಲ್ಲಿ ನಡೆಯಬೇಕಾಗುವುದು ಲೆಕ್ಕದಲ್ಲೇ ಕಾಣುತ್ತದೆ.

ಹಾಗಾದರೆ ಏನು ಮಾಡಬೇಕು? ನಡುದಾರಿಯಲ್ಲಿ ತಂಗಲು ಅನುಮತಿಯಿದ್ದರೆ ಎರಡು ದಿನದ ಯೋಜನೆ ಹಾಕಬೇಕು. ಇಲ್ಲವೇ ಸೋಮವಾರಪೇಟೆ ಕಡೆಯ ದಾರಿ ಹಿಡಿಯಬೇಕು. ಅದು ಎತ್ತರದ ಜಾಗದಿಂದಲೇ ಆರಂಭವಾಗುವುದರಿಂದ ಏರು ಕಡಿಮೆ. ಅದೂ ಹೆಚ್ಚೆನಿಸಿದರೆ ಮೊದಲ ಸಲಕ್ಕೆ ಚಿಕ್ಕ ಬೆಟ್ಟ ಸಾಕು. ಯಾವ ಬೆಟ್ಟವೇ ಆಗಲಿ, ಮರಳುವ ಹೊತ್ತನ್ನು ಕೆಳಗಿರುವಾಗಲೇ ಗೊತ್ತುಮಾಡಿ. ಮಧ್ಯಾಹ್ನ ಒಂದು ಗಂಟೆ ಎಂದು ನಿಶ್ಚಯಿಸಿದರೆ, ತುದಿ ಕಣ್ಣೆದುರೇ ಇದ್ದರೂ ಒಂದು ಗಂಟೆಗೆ ತಿರುಗಬೇಕು. ಹುರುಪಿನಲ್ಲಿರುವ ಗೆಳೆಯರ ನಡುವೆ "ವಾಪಸು ಹೋಗೋಣ" ಎನ್ನಲು ಬಹಳ ಧೈರ್ಯ ಬೇಕಾಗುತ್ತದೆ. ಮೊದಲೇ ಒಪ್ಪಂದವಾಗಿದ್ದರೆ ಆ ಮಾತನ್ನು ಯಾರೊಬ್ಬರೂ ಒಂಟಿಯಾಗಿ ಹೇಳಬೇಕಾಗಿಲ್ಲ, ಗಡಿಯಾರವೇ ಹೇಳುತ್ತದೆ.

ನಡೆಯುವಾಗ ಎಲ್ಲರಿಗಿಂತ ನಿಧಾನ ಇರುವವರನ್ನು ಮುಂದೆ ಬಿಡಿ. ಅವರು ಹಿಂದಿದ್ದರೆ ಮುಂದಿನವರು ಕಾದು ದಣಿವಾರಿಸಿಕೊಳ್ಳುತ್ತಾರೆ, ಅವರು ಬಂದು ಮುಟ್ಟುತ್ತಿದ್ದಂತೆ ಎದ್ದು ಹೊರಡುತ್ತಾರೆ. ವಿಶ್ರಾಂತಿ ನಿಜವಾಗಿ ಬೇಕಾದವರಿಗೇ ಅದು ಸಿಗುವುದಿಲ್ಲ.

ಭಾರದ ಲೆಕ್ಕ

ಚೀಲದ ತೂಕ ಹೊರುವವರ ತೂಕದ ಐದನೇ ಒಂದು ಭಾಗವನ್ನು ಮೀರದಿದ್ದರೆ ಒಳ್ಳೆಯದು. 50 ಕಿಲೋ ತೂಗುವವರಿಗೆ 10 ಕಿಲೋ. ಇದರಲ್ಲಿ ನೀರಿನದೇ ದೊಡ್ಡ ಪಾಲು. ಒಂದು ಲೀಟರ್ ನೀರೆಂದರೆ ಒಂದು ಕಿಲೋ. ಬಿಸಿಲಲ್ಲಿ ಏರುವವರಿಗೆ ದಿನಕ್ಕೆ ಮೂರು ಲೀಟರಾದರೂ ಬೇಕು. ನೀರಿನಲ್ಲಿ ಉಳಿತಾಯ ಮಾಡುವಂತಿಲ್ಲ, ಉಳಿದ ಸಾಮಾನಿನಲ್ಲಿ ಮಾಡಬೇಕು. ಡೇರೆಯ ಬಟ್ಟೆ ಒಬ್ಬರಿಗೆ, ಕಂಬಿಗಳು ಇನ್ನೊಬ್ಬರಿಗೆ ಎಂದು ಹಂಚಿ. ಆರು ಟೂತ್‌ಪೇಸ್ಟ್, ಆರು ಚಾಕು ಬೇಕಿಲ್ಲ.

ಆಹಾರದ ವಿಷಯದಲ್ಲಿ ನಮ್ಮ ಅಜ್ಜಿಯರು ಚಾರಣಿಗರಿಗೆ ಬೇಕಾದ್ದನ್ನೆಲ್ಲ ಎಂದೋ ಕಂಡುಹಿಡಿದಿದ್ದಾರೆ. ಅವಲಕ್ಕಿ, ಹುರಿಗಡಲೆ, ಕಡಲೆಕಾಯಿ ಬೀಜ, ಬೆಲ್ಲ, ಚಪಾತಿ, ಚಟ್ನಿಪುಡಿ. ಇವು ಹಗುರ, ಅಗ್ಗ, ಬೇಗ ಕೆಡುವುದಿಲ್ಲ, ತಿನ್ನಲು ಒಲೆ ಹಚ್ಚಬೇಕಿಲ್ಲ. ಒಣ ಹುಲ್ಲಿನ ಗುಡ್ಡಗಳಲ್ಲಿ ಬೆಂಕಿ ಹಚ್ಚುವುದು ಅಪಾಯಕರ. ಕಾಯ್ದಿಟ್ಟ ಅರಣ್ಯದಲ್ಲಿ ಅದು ಅಪರಾಧವೂ ಹೌದು. ಬೆವರಿನಲ್ಲಿ ಹೋದ ಉಪ್ಪಿಗೆ ನಿಂಬೆಹಣ್ಣು, ಉಪ್ಪು, ಸಕ್ಕರೆ ಬೆರೆಸಿದ ಪಾನಕ ಸಾಕು.

ಬಿಸಿಯ ಲೆಕ್ಕ

ಮೇಲೇರಿದಂತೆ ಪ್ರತಿ 1,000 ಮೀಟರಿಗೆ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಸೆಲ್ಸಿಯಸ್‌ನಷ್ಟು ಇಳಿಯುತ್ತದೆ. ಕುಕ್ಕೆಯಲ್ಲಿ ಹಿತವಾಗಿರುವ ಹವೆ 1,600 ಮೀಟರ್ ಮೇಲೆ ಸುಮಾರು ಹತ್ತು ಡಿಗ್ರಿ ತಣ್ಣಗಾಗಿರುತ್ತದೆ. ಗಾಳಿ ಬೀಸಿದರೆ, ಬಟ್ಟೆ ಒದ್ದೆಯಿದ್ದರೆ ಚಳಿ ಇನ್ನೂ ಹೆಚ್ಚು. ಹತ್ತಿಯ ಬಟ್ಟೆ ಬೆವರನ್ನು ಹೀರಿ ಬೇಗ ಒಣಗುವುದಿಲ್ಲ. ಒಣಗುವಾಗಲೂ ಮೈಯ ಬಿಸಿಯನ್ನೇ ಕಸಿಯುತ್ತದೆ. ಡೇರೆ ತಲುಪಿದ ಕೂಡಲೇ ಒಣ ಬಟ್ಟೆ ತೊಡುವುದು ಮೊದಲ ಕೆಲಸ. ಅದಕ್ಕಾಗಿ ಒಂದು ಜೊತೆ ಬಟ್ಟೆ, ಒಂದು ಸ್ವೆಟರು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿರಬೇಕು.

ರಾತ್ರಿ ಹೊದಿಕೆಯನ್ನು ಹೆಚ್ಚಿಸಿದರೂ ಚಳಿ ಬಿಡುವುದಿಲ್ಲ ಎಂದು ದೂರುವವರಿದ್ದಾರೆ. ಕಾರಣ, ತಣ್ಣನೆಯ ನೆಲ ಮೈಯ ಬಿಸಿಯನ್ನು ಕೆಳಗಿನಿಂದ ಎಳೆದುಕೊಳ್ಳುತ್ತಿರುತ್ತದೆ. ಆದ್ದರಿಂದ ಮೇಲಿನ ಹೊದಿಕೆಯಷ್ಟೇ ಕೆಳಗಿನ ಹಾಸೂ ಮುಖ್ಯ. ಫೋಮ್ ಹಾಸು ಇಲ್ಲದಿದ್ದರೆ ಹಳೆಯ ದಿನಪತ್ರಿಕೆಗಳನ್ನು ಐದಾರು ಪದರ ಹಾಸಿ ಮೇಲೆ ಜಮಖಾನ ಹರವಿದರೂ ಆದೀತು. ಪದರಗಳ ನಡುವೆ ಸಿಕ್ಕ ಗಾಳಿ ಬಿಸಿಯನ್ನು ತಡೆಯುತ್ತದೆ. ಒಂದು ಎಚ್ಚರಿಕೆ: ಎಷ್ಟೇ ಚಳಿಯಿದ್ದರೂ ಮುಚ್ಚಿದ ಡೇರೆಯೊಳಗೆ ಸ್ಟೌವ್ ಆಗಲಿ ಕೆಂಡವಾಗಲಿ ಇಡಬೇಡಿ. ಅದರಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲೇ ಪ್ರಾಣ ಹೋಗಬಹುದು.

ಯಾರಾದರೂ ಬಿಡದೆ ನಡುಗುತ್ತಿದ್ದರೆ, ಮಾತು ತೊದಲಿದರೆ, ಹೆಜ್ಜೆ ತಡವರಿಸಿದರೆ ಅದನ್ನು ತಮಾಷೆ ಮಾಡಬೇಡಿ. ಒದ್ದೆ ಬಟ್ಟೆ ಬಿಚ್ಚಿಸಿ, ಒಣ ಹೊದಿಕೆ ಸುತ್ತಿ, ಗಾಳಿಗೆ ಮರೆ ಮಾಡಿ, ಎಚ್ಚರವಿದ್ದರೆ ಬೆಚ್ಚನೆಯ ಸಿಹಿ ಪಾನೀಯ ಕೊಡಿ. ಚೇತರಿಸಿಕೊಳ್ಳದಿದ್ದರೆ ತಡಮಾಡದೆ ನೆರವು ಕರೆಯಿರಿ.

ಕಾಡಿನ ಪಾಲು

ಈ ನಾಲ್ಕು ಲೆಕ್ಕಗಳೂ ನಮ್ಮವು. ಬೆಟ್ಟಕ್ಕೂ ಒಂದು ಲೆಕ್ಕವಿದೆ. ಕುಮಾರ ಪರ್ವತವಿರುವ ಪುಷ್ಪಗಿರಿ ವನ್ಯಧಾಮವು, 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಪಶ್ಚಿಮ ಘಟ್ಟಗಳ 39 ತಾಣಗಳಲ್ಲಿ ಒಂದು. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಇಲ್ಲಿ ಜನ ಮುಗಿಬಿದ್ದ ಚಿತ್ರಗಳು ಎಲ್ಲೆಡೆ ಹರಡಿದವು. ಅದಾದ ಮೇಲೆ ಸರ್ಕಾರ, ಆನ್‌ಲೈನ್‌ನಲ್ಲಿ ಮುಂಗಡ ಕಾದಿರಿಸುವ ವ್ಯವಸ್ಥೆಯಿಲ್ಲದ ಅರಣ್ಯ ಚಾರಣಗಳಿಗೆ ತಡೆ ಹಾಕಿ, ದಿನಕ್ಕೆ ಇಷ್ಟೇ ಮಂದಿ ಎಂಬ ಮಿತಿ ತಂದಿತು. ಕಾಡ್ಗಿಚ್ಚಿನ ಕಾಲದಲ್ಲಿ, ಜೋರು ಮಳೆಗಾಲದಲ್ಲಿ ದಾರಿ ಮುಚ್ಚುವುದೂ ಉಂಟು. ಆದ್ದರಿಂದ ದಾರಿ ತೆರೆದಿದೆಯೇ, ರಾತ್ರಿ ತಂಗಲು ಬಿಡುತ್ತಾರೆಯೇ, ಎಲ್ಲಿ ತಂಗಬಹುದು ಎಂಬುದನ್ನು ಅರಣ್ಯ ಇಲಾಖೆಯಿಂದ ತಿಳಿದುಕೊಂಡೇ ಟಿಕೆಟ್ ಮಾಡಿಸಿ. ಕದ್ದು ಒಳಹೊಕ್ಕವರಿಗೆ ಕಾಡಿನಲ್ಲಿ ತೊಂದರೆಯಾದರೆ ಎಲ್ಲಿ ಹುಡುಕಬೇಕೆಂಬುದು ಯಾರಿಗೂ ಗೊತ್ತಿರುವುದಿಲ್ಲ.

ಅದೇ ಕಾರಣಕ್ಕೆ ಮನೆಯವರಿಗೂ ಒಂದು ಚೀಟಿ ಬರೆದಿಟ್ಟು ಹೊರಡಿ. ಜೊತೆಗಿರುವವರ ಹೆಸರು, ಹೋಗುವ ದಾರಿ, ಮರಳುವ ದಿನ ಮತ್ತು ಹೊತ್ತು ಅದರಲ್ಲಿರಲಿ. ಬೆಟ್ಟದ ಮೇಲೆ ಮೊಬೈಲಿಗೆ ಸಿಗ್ನಲ್ ಸಿಗದಿದ್ದರೆ ಆ ಚೀಟಿಯೇ ನಿಮ್ಮ ರಕ್ಷಣೆ. ಮರಳುವಾಗ ಒಯ್ದ ಪ್ಲಾಸ್ಟಿಕ್ಕನ್ನೆಲ್ಲ ಎಣಿಸಿ ವಾಪಸು ತನ್ನಿ.

ಊರಿಗೆ ಬಂದ ಮೇಲೆ ಎಲ್ಲರೂ ಒಮ್ಮೆ ಕೂತು ಲೆಕ್ಕ ಚುಕ್ತಾ ಮಾಡಿ. ಆಪತ್ತಿನ ಹಣ ಹಾಗೆಯೇ ಉಳಿದಿದ್ದರೆ ಅದನ್ನು ಹಂಚಿಕೊಳ್ಳದೆ ಮುಂದಿನ ಚಾರಣಕ್ಕೆ ಎತ್ತಿಡಿ. ಆಗ ಚೀಟಿಯಲ್ಲಿ ಅತಿ ಕಡಿಮೆ ಮೊತ್ತ ಬರೆದ ಗೆಳೆಯ ಇನ್ನೊಮ್ಮೆ ಜ್ವರದ ನೆಪ ಹೇಳಬೇಕಾಗುವುದಿಲ್ಲ.