ಕಡಲು ದಾರಿ ಬಿಟ್ಟ ದಿನ

ಈಶಾನ್ಯ ಇಂಗ್ಲೆಂಡಿನ ನ್ಯೂಕ್ಯಾಸಲ್ ನಗರದಲ್ಲಿ ವ್ಯಾಸಂಗ ಮಾಡುತ್ತಿದ್ದ ಕಾಲದಲ್ಲಿ ನಾನು ಕಂಡ ಊರುಗಳು ಹಲವು. ಆದರೆ ಬರುವುದನ್ನೂ ಹೋಗುವುದನ್ನೂ ಸಮುದ್ರದ ಅಪ್ಪಣೆಗೆ ಬಿಟ್ಟು, ಅದರಲ್ಲಿ ಯಾವ ಕೊರತೆಯನ್ನೂ ಕಾಣದೆ ಬಾಳುವ ಊರೊಂದನ್ನು ಕಂಡದ್ದು ಲಿಂಡಿಸ್‌ಫಾರ್ನ್ ದ್ವೀಪದಲ್ಲಿ ಮಾತ್ರ. ಅಲ್ಲಿಯ ಜನ ಅದನ್ನು ಹೋಲಿ ಐಲೆಂಡ್ ಎಂದೇ ಕರೆಯುತ್ತಾರೆ. ದಿನಕ್ಕೆರಡು ಬಾರಿ ಭರತ ಏರಿದಾಗ ಅದು ನಾಲ್ಕು ಕಡೆಯೂ ನೀರು ಸುತ್ತಿದ ದ್ವೀಪ. ಇಳಿತವಾದಾಗ ನಡೆದೇ ಸೇರಬಹುದಾದ ನೆಲ. ವಾಹನಗಳಿಗಾಗಿ 1954ರಲ್ಲಿ ರಸ್ತೆಯೊಂದನ್ನು ಕಟ್ಟಿದರಾದರೂ, ಆ ರಸ್ತೆಯೂ ಭರತದ ಹೊತ್ತಿನಲ್ಲಿ ಗಂಟೆಗಟ್ಟಲೆ ನೀರಿನಡಿಯಲ್ಲಿಯೇ ಇರುತ್ತದೆ.

ವಸಂತದ ಒಂದು ಶನಿವಾರ ಸಹಪಾಠಿಗಳೊಡನೆ ಅಲ್ಲಿಗೆ ಹೊರಟೆ. ಬೆರಿಕ್ ಪಟ್ಟಣದ ಕಡೆಗೆ ಸಾಗುವ ರೈಲು ಆಲ್ನ್‌ಮತ್ ದಾಟಿದ ಮೇಲೆ ಬಲಗಡೆಗೆ ಕಡಲು ಆಗಾಗ ಕಣ್ಣಿಗೆ ಬೀಳುತ್ತದೆ. ಬೀಲ್ ಎಂಬ ಹಳ್ಳಿಯಾಚೆಯ ದಡವನ್ನು ತಲಪಿದಾಗ ನೀರು ಹಿಂದೆ ಸರಿಯುತ್ತಿತ್ತು. ಹಿಂದಿನ ಕಾಲದ ಯಾತ್ರಿಕರು ನಡೆದ ಹಾದಿಯೇ ನಮಗೂ ಇರಲೆಂದು ಬೂಟುಗಳನ್ನು ಬಿಚ್ಚಿ ಕೈಯಲ್ಲಿ ಹಿಡಿದು ಮರಳಿಗಿಳಿದೆವು. ಸುಮಾರು ಮೂರು ಮೈಲಿಯ ಆ ದಾರಿಗೆ ಗುರುತೆಂದರೆ ಸಾಲಾಗಿ ನೆಟ್ಟ ಎತ್ತರವಾದ ಮರದ ಕಂಬಗಳು. ಕಾಲಡಿಯಲ್ಲಿ ಅಲೆಯ ಗೆರೆ ಮೂಡಿದ ಗಟ್ಟಿ ಮರಳು, ನಡುನಡುವೆ ಕಣಕಾಲು ಮುಳುಗುವಷ್ಟು ಕಪ್ಪು ಕೆಸರು, ಮರಳೊಳಗಿನ ಹುಳುಗಳು ಹೊರಚೆಲ್ಲಿದ ಸುರುಳಿಸುರುಳಿಯಾದ ಚಿಕ್ಕ ಗುಡ್ಡೆಗಳು. ದೂರದ ಮರಳುದಿಬ್ಬದ ಮೇಲೆ ಮಲಗಿದ್ದ ಸೀಲ್‌ಗಳ ಧ್ವನಿ ಗಾಳಿಯಲ್ಲಿ ತೇಲಿ ಬರುತ್ತಿತ್ತು. ಆ ಧ್ವನಿಗೆ ನರಳಾಟವೆನ್ನಬೇಕೋ ಹಾಡೆನ್ನಬೇಕೋ ಇಂದಿಗೂ ನನಗೆ ನಿಶ್ಚಯವಿಲ್ಲ. ಉದ್ದನೆಯ ಕಾಲುಗಳ ಮೇಲೆ ನಿಂತ, ಏಣಿ ಹತ್ತಿ ಸೇರಬೇಕಾದ ಮರದ ಗೂಡೊಂದು ದಾರಿಯಲ್ಲಿ ಎದುರಾಯಿತು. ಹೊತ್ತು ಮೀರಿ ಬಂದು ನೀರಿಗೆ ಸಿಕ್ಕವರು ಜೀವ ಉಳಿಸಿಕೊಳ್ಳಲೆಂದು ಕಟ್ಟಿದ ಆಶ್ರಯವದು.

ನಾರ್ತಂಬ್ರಿಯದ ದೊರೆ ಆಸ್ವಾಲ್ಡನ ಆಹ್ವಾನವನ್ನು ಮನ್ನಿಸಿ, ಅಯೋನ ದ್ವೀಪದಿಂದ ಬಂದ ಏಡನ್ ಎಂಬ ಸಂನ್ಯಾಸಿ 635ರಲ್ಲಿ ಇಲ್ಲಿ ಮಠವನ್ನು ಸ್ಥಾಪಿಸಿದನು. 687ರಲ್ಲಿ ದೇಹತ್ಯಾಗ ಮಾಡಿದ ಕತ್ಬರ್ಟನು ಈ ಮಠದ ಕೀರ್ತಿಯನ್ನು ದೇಶದಗಲಕ್ಕೆ ಹರಡಿದವನು. ಅವನ ತರುವಾಯ, ಎಂಟನೆಯ ಶತಮಾನದ ಆರಂಭದ ಸುಮಾರಿಗೆ, ಈ ಗಾಳಿಮಳೆಯ ನೆಲದಲ್ಲಿಯೇ ಸಿದ್ಧವಾದದ್ದು ಲಿಂಡಿಸ್‌ಫಾರ್ನ್ ಸುವಾರ್ತೆಗಳೆಂಬ ಹಸ್ತಪ್ರತಿ. ಕರುವಿನ ಚರ್ಮವನ್ನು ಹದಮಾಡಿ ಮಾಡಿದ ಹಾಳೆಗಳ ಮೇಲೆ, ಬಿಷಪ್ ಎಡ್‌ಫ್ರಿತ್ ಒಬ್ಬನೇ ಬರೆದನೆಂದು ಪರಂಪರೆ ಹೇಳುವ ಆ ಗ್ರಂಥದ ಕೆಲವು ಪುಟಗಳಲ್ಲಿ ಅಕ್ಷರವೇ ಇಲ್ಲ. ಒಂದರೊಡನೊಂದು ಕೊರಳು ಹೆಣೆದುಕೊಂಡ ಹಕ್ಕಿಗಳ ಚಿತ್ರಜಾಲವೇ ಪುಟವೆಲ್ಲವನ್ನೂ ತುಂಬಿದೆ. ಭೂಮಿಯ ಗದ್ದಲವನ್ನು ದೂರವಿಟ್ಟು ಇಂತಹ ಏಕಾಗ್ರತೆಗೆ ಎಡೆಮಾಡಿಕೊಟ್ಟದ್ದು ಈ ಕಡಲು. 793ರ ಜೂನ್ ತಿಂಗಳಲ್ಲಿ ದಾಳಿಗೆ ಬಂದ ವೈಕಿಂಗರ ಹಡಗುಗಳನ್ನು ಮಠದ ಬಾಗಿಲಿಗೆ ತಂದು ನಿಲ್ಲಿಸಿದ್ದೂ ಇದೇ ಕಡಲು. ಅಂಥ ದಾಳಿಗಳ ಭಯದಿಂದಲೇ 875ರಲ್ಲಿ ಸಂನ್ಯಾಸಿಗಳು ಕತ್ಬರ್ಟನ ಶರೀರವನ್ನು ಹೊತ್ತು ದ್ವೀಪವನ್ನೇ ಬಿಟ್ಟು ನಡೆದರು. ಇಂದು ಕಾಣುವ ಕೆಂಗಲ್ಲಿನ ಭಗ್ನಾವಶೇಷ ಹನ್ನೆರಡನೆಯ ಶತಮಾನದ್ದು. ಅದರ ನಡುವೆ ಆಧಾರವಿಲ್ಲದಂತೆ ತೋರುವ ಒಂದೇ ಒಂದು ಕಮಾನು ಇನ್ನೂ ನೆಟ್ಟಗೆ ನಿಂತಿದೆ.

ಬಂಡೆಯ ಮೇಲಿನ ಕೋಟೆಯನ್ನೂ ನೋಡಿದೆವು. ಅದನ್ನು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ವಾಸದ ಮನೆಯಾಗಿ ಮಾರ್ಪಡಿಸಿದವನು, ಮುಂದೆ ನಮ್ಮ ಹೊಸದಿಲ್ಲಿಯನ್ನು ರೂಪಿಸಿದ ಎಡ್ವಿನ್ ಲುಟ್ಯೆನ್ಸ್. ಆದರೆ ನನ್ನ ಮನಸ್ಸು ನಿಂತದ್ದು ದಡದ ಕಲ್ಲುಚೂರುಗಳ ನಡುವೆ ಗೆಳತಿಯೊಬ್ಬಳು ಆರಿಸಿ ನನ್ನ ಅಂಗೈಯಲ್ಲಿಟ್ಟ ಪುಟ್ಟ ವಸ್ತುವಿನಲ್ಲಿ. ತುಲಸಿಮಣಿಯಷ್ಟು ಚಿಕ್ಕದು, ದುಂಡಗೆ ಬೂದುಬಣ್ಣದ್ದು, ನಡುವೆ ತೂತು. ಜನ ಅದನ್ನು ಕತ್ಬರ್ಟನ ಮಣಿಯೆನ್ನುತ್ತಾರೆ. ಹಿಂದೆ ಪೋಣಿಸಿ ಜಪಕ್ಕೆ ಬಳಸುತ್ತಿದ್ದರಂತೆ. ವಾಸ್ತವದಲ್ಲಿ ಅದು ಮೂವತ್ತು ಕೋಟಿ ವರ್ಷಗಳಿಗೂ ಹಿಂದೆ ಇಲ್ಲಿಯ ಬೆಚ್ಚನೆಯ ಕಡಲಿನಲ್ಲಿ ಬಾಳಿದ ಸಮುದ್ರಲಿಲ್ಲಿಯೆಂಬ ಜೀವಿಯ ಕಾಂಡದ ತುಣುಕು, ಕಲ್ಲಾಗಿ ಉಳಿದದ್ದು. ಭಕ್ತಿಯ ಕಥೆ, ವಿಜ್ಞಾನದ ಕಥೆ ಎರಡೂ ಆ ಅಂಗೈಯಗಲದಲ್ಲಿ ಒಂದನ್ನೊಂದು ನೂಕದೆ ಇದ್ದುವು.

ಲಿಂಡಿಸ್‌ಫಾರ್ನ್ ಸುವಾರ್ತೆಗಳ ಆ ಮಹಾಗ್ರಂಥ ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿದೆ. 2022ರಲ್ಲಿ ಕೆಲವು ತಿಂಗಳು ನ್ಯೂಕ್ಯಾಸಲ್ಲಿನ ಲೇಂಗ್ ಕಲಾ ಗ್ಯಾಲರಿಗೆ ಬಂದಿತ್ತು. ಹುಟ್ಟಿದ ನೆಲದ ಜನಕ್ಕೆ ಅದು ಇನ್ನೂ ಹೆಚ್ಚು ಸಲ ದರ್ಶನ ಕೊಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಬರೆದವನು ಕೇಳಿದ ಅಲೆಯ ಸದ್ದನ್ನು ಕೇಳಿದವರಿಗೆ ಆ ಪುಟಗಳು ಬೇರೆಯಾಗಿಯೇ ಕಾಣುತ್ತವೆ.

ಸಂಜೆ ನೀರು ಏರುವ ಮುನ್ನ ಬಸ್ಸು ಹತ್ತಿ ಹಿಂದಿರುಗಿದೆವು. ನ್ಯೂಕ್ಯಾಸಲ್, ಡರಮ್, ಎಡಿನ್‌ಬರೋಗಳಲ್ಲಿ ಓದುತ್ತಿರುವ ನಮ್ಮ ಮಕ್ಕಳು ಒಂದು ದಿನವನ್ನು ಈ ದ್ವೀಪಕ್ಕಾಗಿ ತೆಗೆದಿಡಲಿ. ಆದರೆ ಹೊರಡುವ ಮೊದಲು ನಾರ್ತಂಬರ್‌ಲೆಂಡ್ ಜಿಲ್ಲಾಡಳಿತವು ಪ್ರಕಟಿಸುವ ದಾಟುವೇಳೆಗಳ ಪಟ್ಟಿಯನ್ನು ತಪ್ಪದೆ ನೋಡಬೇಕು. ಭರತದ ಹೊತ್ತು ದಿನದಿನಕ್ಕೂ ಮುಂದೆ ಸರಿಯುತ್ತದೆ. ಅದರೊಡನೆ ಅಲ್ಲಿಯ ಬಸ್ಸಿನ ವೇಳೆಯೂ ಬದಲಾಗುತ್ತದೆ.