ಟೇಲರ್ ಸಾಹೇಬರು ಕಂಡ ಸುರಪುರ

‘ದೇಶ ಸುತ್ತು, ಕೋಶ ಓದು’ ಎಂಬುದು ಹಿರಿಯರ ನುಡಿ. ಆದರೆ ದೇಶವನ್ನು ಸುತ್ತಿದವರೆಲ್ಲರೂ ದೇಶವನ್ನು ಕಂಡವರಲ್ಲ. ಪರನಾಡಿಗೆ ಹೋದವರ ಕಣ್ಣಿಗೆ ಮೊದಲು ಬೀಳುವುದು ಭೇದವೇ. ಉಡಿಗೆ ಬೇರೆ, ಊಟ ಬೇರೆ, ನುಡಿ ಬೇರೆ, ನಡೆ ಬೇರೆ. ಅದನ್ನು ಕಂಡು ಕೆಲವರು ನಗುವರು, ಕೆಲವರು ಹಳಿಯುವರು. ಆ ಭೇದದ ಹಿಂದಿರುವ ಬಾಳನ್ನು ಅರಿಯಲು ಯತ್ನಿಸುವವರು ವಿರಳ. ಅಂಥ ವಿರಳರಲ್ಲೊಬ್ಬರು, ನಮ್ಮ ಸುರಪುರದಲ್ಲಿಯೇ ಹತ್ತು ವರ್ಷಗಳಿಗೂ ಮಿಕ್ಕಿ ನೆಲೆಸಿದ್ದ ಫಿಲಿಪ್ ಮೆಡೋಸ್ ಟೇಲರರು. ಅವರ ಅರಿವು ಎಲ್ಲಿಯವರೆಗೆ ಸಾಗಿತು, ಎಲ್ಲಿ ತಡೆದು ನಿಂತಿತು ಎಂಬುದು ವಿದ್ಯಾರ್ಥಿಗಳು ವಿಚಾರಿಸತಕ್ಕ ವಿಷಯವಾಗಿದೆ.

1808ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ನಗರದಲ್ಲಿ ಜನಿಸಿದ ಟೇಲರರು 1824ರಲ್ಲಿ, ಇನ್ನೂ ಹದಿಹರೆಯದಲ್ಲಿರುವಾಗಲೇ, ಮುಂಬಯಿಗೆ ಬಂದಿಳಿದರು. ವರ್ತಕರೊಬ್ಬರ ಬಳಿ ಕೆಲಸಕ್ಕೆಂದು ಬಂದವರು ಹೈದರಾಬಾದಿನ ನಿಜಾಮರ ಸೈನ್ಯವನ್ನು ಸೇರಿದರು. ಪಾರಸಿ, ಹಿಂದೂಸ್ತಾನಿ, ಮರಾಠಿ ಭಾಷೆಗಳನ್ನು ಶ್ರದ್ಧೆಯಿಂದ ಅಭ್ಯಸಿಸಿದರು. ಅವರು ಕೈಹಿಡಿದ ಮೇರಿ ಪಾಮರ್ ಎಂಬಾಕೆಯ ಅಜ್ಜಿಯೂ ಭಾರತೀಯಳೇ. ಹೀಗೆ ಮನೆಯೊಳಗೂ ಹೊರಗೂ ಎರಡು ಸಂಸ್ಕೃತಿಗಳ ಬಳಕೆ ಅವರಿಗಾಯಿತು. 1840ರ ದಶಕದ ಆರಂಭದಲ್ಲಿ ಸುರಪುರ ಸಂಸ್ಥಾನದ ಆಡಳಿತದ ಹೊಣೆ ಅವರ ಪಾಲಿಗೆ ಬಂದಿತು. ರಾಜಾ ವೆಂಕಟಪ್ಪನಾಯಕರು ಆಗ ಇನ್ನೂ ಬಾಲಕರು. 1853ರವರೆಗೆ ಟೇಲರರು ಇಲ್ಲಿದ್ದರು. ಬೋನಾಳದ ಕೆರೆಯನ್ನು ಅವರು ಸುಧಾರಿಸಿದರು. ಗುಡ್ಡದ ಮೇಲೆ ಅವರು ಕಟ್ಟಿಸಿದ ಟೇಲರ್ ಮಂಜಿಲ್ ಇಂದಿಗೂ ಅವರ ಹೆಸರನ್ನು ಹೊತ್ತು ನಿಂತಿದೆ.

ಈ ನಾಡಿನಲ್ಲಿ ಟೇಲರರ ಮನಸ್ಸನ್ನು ವಿಶೇಷವಾಗಿ ಸೆಳೆದವು ಕಲ್ಲುಗಳು. ರಾಜನಕೋಳೂರಿನ ಬಯಲಿನಲ್ಲಿ ದೊಡ್ಡ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿದ ಕಲ್ಮನೆಗಳಿವೆ. ಕೆಲವಕ್ಕೆ ಒಂದು ಬದಿ ತೆರೆದಿದೆ; ನಾಲ್ಕೂ ಬದಿ ಮುಚ್ಚಿದವುಗಳಲ್ಲಿ ದುಂಡನೆಯ ರಂಧ್ರವಿದೆ. ಮೋರೇರೆಂಬ ಕುಳ್ಳ ಜನ ಅವುಗಳಲ್ಲಿ ವಾಸಿಸುತ್ತಿದ್ದರೆಂದು ಹಳ್ಳಿಗರ ನಂಬಿಕೆ. ಶಹಾಪುರದ ಸಮೀಪದ ವಿಭೂತಿಹಳ್ಳಿಯಲ್ಲಿ ಬಂಡೆಗಳನ್ನು ಸಾಲುಸಾಲಾಗಿ ಇರಿಸಲಾಗಿದೆ. ಇವನ್ನು ಕಂಡ ಟೇಲರರಿಗೆ ತಮ್ಮ ತಾಯ್ನಾಡಿನ ಬಯಲುಗಳಲ್ಲಿರುವ ಪ್ರಾಚೀನ ಶಿಲಾಸಮಾಧಿಗಳ ನೆನಪಾಯಿತು. ಜೇವರ್ಗಿ ಮೊದಲಾದೆಡೆ ಸಮಾಧಿಗಳನ್ನು ಅಗೆಯಿಸಿ, ಅಳತೆ ಮಾಡಿ, ಚಿತ್ರ ಬರೆದು ಪ್ರಬಂಧಗಳನ್ನು ಪ್ರಕಟಿಸಿದರು. ಸಾವಿರಾರು ಹರದಾರಿ ದೂರದ ಎರಡು ನಾಡುಗಳಲ್ಲಿ ಒಂದೇ ಬಗೆಯ ಕಟ್ಟಡಗಳಿರುವುದರಿಂದ ಅವನ್ನು ಕಟ್ಟಿದವರು ಒಂದೇ ಮೂಲದವರಾಗಿರಬೇಕೆಂದು ಅವರು ತರ್ಕಿಸಿದರು.

ಇಂದಿನ ವಿದ್ವಾಂಸರು ಈ ತರ್ಕವನ್ನು ಒಪ್ಪುವುದಿಲ್ಲ. ಯುರೋಪಿನ ಶಿಲಾಸಮಾಧಿಗಳು ಬಹುಮಟ್ಟಿಗೆ ನವಶಿಲಾಯುಗದವು. ನಮ್ಮವು ಬಹುತೇಕ ಕಬ್ಬಿಣದ ಯುಗದವು. ಅವುಗಳ ನಡುವೆ ಸಾವಿರಾರು ವರ್ಷಗಳ ಅಂತರವಿದೆ. ಆದರೂ ಟೇಲರರ ದೃಷ್ಟಿ ವ್ಯರ್ಥವಾಗಲಿಲ್ಲ. ರಕ್ತಸಂಬಂಧವಿಲ್ಲದ ಜನರೂ ತಮ್ಮ ಸತ್ತವರಿಗಾಗಿ ಭಾರವಾದ ಕಲ್ಲನ್ನು ಹೊತ್ತು ತಂದು ನಿಲ್ಲಿಸಿದರಲ್ಲವೆ? ಹೋಲಿಕೆಗೆ ಒಂದೇ ಕುಲ ಬೇಕಿಲ್ಲ. ಒಂದೇ ದುಃಖ ಸಾಕು.

ಕಲ್ಲಿನಲ್ಲಿ ಸಾಮ್ಯವನ್ನು ಕಂಡ ಟೇಲರರು ಕಾದಂಬರಿಗಳಲ್ಲಿ ಮನುಷ್ಯರ ಸಾಮ್ಯವನ್ನು ಚಿತ್ರಿಸಲು ಯತ್ನಿಸಿದರು. 1872ರ ‘ಸೀತಾ’ ಕಾದಂಬರಿಯಲ್ಲಿ ಆಂಗ್ಲ ಅಧಿಕಾರಿಯೊಬ್ಬನು ಹಿಂದೂ ವಿಧವೆಯನ್ನು ವಿವಾಹವಾಗುತ್ತಾನೆ. 1857ರ ದಂಗೆಯ ನೆನಪು ಇನ್ನೂ ಮಾಸದಿದ್ದ ಕಾಲದಲ್ಲಿ ಇದನ್ನು ಬರೆಯುವುದು ಸಣ್ಣ ಮಾತಲ್ಲ.

ಆದರೆ ಕಠಿನವಾದ ಪರೀಕ್ಷೆ ಗ್ರಂಥದಲ್ಲಿ ಬರಲಿಲ್ಲ, ಬಾಳಿನಲ್ಲಿ ಬಂದಿತು. ಬಾಲ್ಯದಿಂದ ತಮ್ಮನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದ ವೆಂಕಟಪ್ಪನಾಯಕರು 1858ರಲ್ಲಿ ಬ್ರಿಟಿಷರ ವಿರುದ್ಧ ಖಡ್ಗವೆತ್ತಿದರು. ಸೋತು ಸೆರೆಸಿಕ್ಕ ಅವರಿಗೆ ಮರಣದಂಡನೆ ವಿಧಿಸಲಾಯಿತು. ಟೇಲರರು ಸೆರೆಯಲ್ಲಿ ಅವರನ್ನು ಕಂಡರು, ದಯೆಗಾಗಿ ಬಿನ್ನವಿಸಿಕೊಂಡರು. ಶಿಕ್ಷೆ ಕೊನೆಗೆ ನಾಲ್ಕು ವರ್ಷಗಳ ಸೆರೆವಾಸಕ್ಕಿಳಿಯಿತು. ಆದರೆ ಚೆಂಗಲ್ಪಟ್ಟಿಗೆ ಒಯ್ಯುವ ದಾರಿಯಲ್ಲಿ ರಾಜರು ಗುಂಡೇಟಿನಿಂದ ಮಡಿದರು. ಅದು ಹೇಗಾಯಿತೆಂಬ ವಿವಾದ ಇಂದಿಗೂ ತೀರಿಲ್ಲ. ತಾವು ಸಾಕಿದ ಸಂಸ್ಥಾನಕ್ಕೆ ಟೇಲರರು ಅದೇ ವರ್ಷ ಮತ್ತೆ ಬಂದರು, ಆದರೆ ಗೆದ್ದವರ ಅಧಿಕಾರಿಯಾಗಿ.

ಟೇಲರರ ವಾತ್ಸಲ್ಯ ಸುಳ್ಳಲ್ಲ. ಮರಣೋತ್ತರವಾಗಿ 1877ರಲ್ಲಿ ಪ್ರಕಟವಾದ ಆತ್ಮಕಥೆಯೇ ಅದಕ್ಕೆ ಸಾಕ್ಷಿ. ಆದರೆ ನಾಡನ್ನು ಪ್ರೀತಿಸಿ, ಅದರ ಹಿತವನ್ನು ತಾನೇ ನಿರ್ಣಯಿಸುವುದು ಒಂದು. ಆ ನಾಡಿಗೆ ಸ್ವಂತ ಇಚ್ಛೆಯೊಂದಿದೆ ಎಂದು ಒಪ್ಪುವುದು ಇನ್ನೊಂದು. ಉಡಿಗೆ-ತೊಡಿಗೆಗಳ ಭೇದ ಕಾಲಕ್ರಮದಲ್ಲಿ ಕರಗುತ್ತದೆ. ಆಳುವವರ ಮತ್ತು ಆಳಿಸಿಕೊಳ್ಳುವವರ ನಡುವಣ ಭೇದ ಪ್ರೀತಿಯೊಂದರಿಂದಲೇ ಕರಗಲಾರದು.

ಇಂದು ನಮ್ಮ ಯಾದಗಿರಿ, ಶಹಾಪುರ, ಸುರಪುರಗಳ ತರುಣರು ವಿದ್ಯೆಗೂ ಉದ್ಯೋಗಕ್ಕೂ ದೂರದೇಶಗಳಿಗೆ ಹೋಗುತ್ತಿದ್ದಾರೆ. ಅಲ್ಲಿಯ ನುಡಿಯನ್ನು ಕಲಿಯಲಿ, ಅಲ್ಲಿಯ ನೆಲವನ್ನು ಟೇಲರರಂತೆ ಕಣ್ತೆರೆದು ನೋಡಲಿ. ಅಷ್ಟಕ್ಕೇ ನಿಲ್ಲದೆ, ಎದುರಿಗಿರುವವರ ಇಚ್ಛೆಯನ್ನೂ ತಮ್ಮದರಷ್ಟೇ ಮಾನ್ಯವೆಂದು ಬಗೆಯಲಿ. ಹಾಗಾದರೆ ಅವರ ದೇಶಸಂಚಾರ ಸಾರ್ಥಕವಾದೀತು.