ರೆಕ್ಕೆಯೆಂಬ ಮೂಲಪದ

ತಲೆಯ ಮೇಲೆ ಹಾದುಹೋಗುವ ಹೆಲಿಕಾಪ್ಟರಿನ ಹೆಸರನ್ನು ಬಿಡಿಸಿ ಹೇಳಿರೆಂದರೆ, ಇಂಗ್ಲಿಷ್ ಬಲ್ಲವರಲ್ಲಿ ಬಹುಮಂದಿ ಅದನ್ನು ‘ಹೆಲಿ’ ಎಂದೂ ‘ಕಾಪ್ಟರ್’ ಎಂದೂ ಎರಡಾಗಿ ಒಡೆಯುವರು. ಆ ಯಂತ್ರವು ಇಳಿಯುವ ಅಂಕಣಕ್ಕೆ ‘ಹೆಲಿಪ್ಯಾಡ್’ ಎಂಬ ಹೆಸರು ಬಂದುದೂ ಈ ವಿಭಜನೆಯಿಂದಲೇ. ಆದರೆ ಪದದ ನಿಜವಾದ ಸಂಧಿಸ್ಥಾನ ಅಲ್ಲಿಲ್ಲ. ಗ್ರೀಕ್ ಭಾಷೆಯಲ್ಲಿ ‘ಹೆಲಿಕ್ಸ್’ ಎಂದರೆ ಸುರುಳಿ, ಸಮಾಸದಲ್ಲಿ ಅದು ‘ಹೆಲಿಕೊ’ ಎಂದಾಗುವುದು. ‘ಪ್ತೆರೊನ್’ ಎಂದರೆ ಗರಿ ಅಥವಾ ರೆಕ್ಕೆ. 1861ರಲ್ಲಿ ಫ್ರಾನ್ಸಿನ ಗುಸ್ತಾವ್ ದ ಪೊಂತೊ ದಾಮೆಕೂರ್ ಎಂಬವನು ಇವೆರಡನ್ನೂ ಕೂಡಿಸಿ ಹೆಸರು ಕಟ್ಟಿದಾಗ, ಆ ಹೆಸರಿಗೆ ತಕ್ಕಂತೆ ಮನುಷ್ಯನನ್ನು ಹೊತ್ತು ಹಾರಬಲ್ಲ ಯಂತ್ರವೇ ಲೋಕದಲ್ಲಿರಲಿಲ್ಲ. ಉಗಿಯಿಂದ ನಡೆಯುವಂತೆ ಅವನು ಮಾಡಿಸಿದ ಪುಟ್ಟ ಮಾದರಿಯೂ ಹಾರಾಟದಲ್ಲಿ ಸಫಲವಾಗಲಿಲ್ಲ. ಆದರೂ ಹೆಸರು ಎಷ್ಟು ಯಥಾರ್ಥವಾಗಿದೆ ನೋಡಿ: ವಿಮಾನವು ತನ್ನ ರೆಕ್ಕೆಗೆ ಗಾಳಿಯನ್ನು ಒದಗಿಸಿಕೊಳ್ಳಲು ಇಡೀ ಒಡಲನ್ನೇ ಮುಂದಕ್ಕೆ ಓಡಿಸಬೇಕಾದರೆ, ಇಲ್ಲಿ ಒಡಲು ನಿಂತಲ್ಲೇ ನಿಂತಿದ್ದು, ನೀಳವಾದ ಅಲಗಿನಂಥ ರೆಕ್ಕೆಗಳು ಮಾತ್ರ ಗಿರಗಿರನೆ ತಿರುಗಿ, ಗಾಳಿಯನ್ನು ಕೆಳಕ್ಕೆ ನೂಕಿ ಭಾರವನ್ನು ಎತ್ತುವುವು, ಯಂತ್ರವು ನೇರವಾಗಿ ಮೇಲೇರುವಾಗ ಆ ರೆಕ್ಕೆಯ ತುದಿ ಆಕಾಶದಲ್ಲಿ ಬರೆಯುವ ರೇಖೆ ಸುರುಳಿಯೇ.

ಅದೇ 1861ರಲ್ಲಿ, ಜರ್ಮನಿಯ ಸೋಲ್ನ್‌ಹೋಫನ್ ಸುಣ್ಣಕಲ್ಲಿನಲ್ಲಿ ದೊರೆತ, ಸುಮಾರು 15 ಕೋಟಿ ವರ್ಷಗಳಷ್ಟು ಹಳೆಯ ಗರಿಯೊಂದರ ಅಚ್ಚನ್ನು ಪರೀಕ್ಷಿಸಿ, ಹರ್ಮನ್ ಫಾನ್ ಮೇಯರನು ಅದರ ಒಡೆಯನಿಗೆ ‘ಆರ್ಕಿಯಾಪ್ಟೆರಿಕ್ಸ್’, ಎಂದರೆ ಪ್ರಾಚೀನ ರೆಕ್ಕೆ, ಎಂದು ನಾಮಕರಣ ಮಾಡಿದನು. ಇನ್ನೂ ಹುಟ್ಟದ ಯಂತ್ರವೂ ಎಂದೋ ಅಳಿದ ಜೀವಿಯೂ ಒಂದೇ ವರ್ಷದಲ್ಲಿ ಒಂದೇ ಧಾತುವಿನಿಂದ ಹೆಸರು ಪಡೆದುವು.

ಈ ಧಾತು ನಮಗೆ ಪರಕೀಯವೂ ಅಲ್ಲ. ಹಾರು, ಬೀಳು ಎಂಬರ್ಥದ ಸಂಸ್ಕೃತದ ‘ಪತ್’ ಇದರ ಸೋದರ. ರೆಕ್ಕೆಯೆಂದೂ ಎಲೆಯೆಂದೂ ಅರ್ಥವಿರುವ ‘ಪತ್ರ’, ಹಾರುವ ಹುಳುವಾದ ‘ಪತಂಗ’, ಹಕ್ಕಿಯನ್ನು ಹೇಳುವ ‘ಪತತ್ರಿ’ ಇವೆಲ್ಲ ಅದರ ಸಂತಾನ. ಪದದ ಆದಿಯಲ್ಲಿ ಬರುವ ‘ಪ್ತ’ ಎಂಬ ಒತ್ತಕ್ಷರ ಇಂಗ್ಲಿಷರ ನಾಲಗೆಗೆ ಒಗ್ಗದೆ, ಬರೆಯುವಾಗ ಪಕಾರವನ್ನು ಉಳಿಸಿಯೂ ನುಡಿಯುವಾಗ ‘ಟೆರೊಡ್ಯಾಕ್ಟಿಲ್’ ಎಂದು ಬಿಟ್ಟುಬಿಡುವರು; ಹೆಲಿಕಾಪ್ಟರಿನ ನಡುವೆ ಅದೇ ಪಕಾರ ಸ್ಪಷ್ಟವಾಗಿ ಕೇಳಿಸುವುದು. ನಮ್ಮ ವಿದ್ಯಾರ್ಥಿಗಳು ಪ್ರಾಣಿಶಾಸ್ತ್ರದ ವರ್ಗನಾಮಗಳನ್ನು ಅರ್ಥವಿಲ್ಲದ ಶಬ್ದರಾಶಿಯೆಂದು ಉರುಹೊಡೆಯುತ್ತಿರುವುದು ನನಗೆ ನಿಜವಾಗಿ ವ್ಯಥೆಯ ಸಂಗತಿ. ಉಪಾಧ್ಯಾಯರು ಈ ಒಂದು ಮೂಲವನ್ನು ಬಿಡಿಸಿ ಹೇಳಿದರೂ ಪಾಠಕ್ಕೆ ಜೀವ ಬಂದೀತು.

ಜೀರುಂಡೆಗಳ ವರ್ಗವಾದ ‘ಕೋಲಿಯಾಪ್ಟೆರಾ’ವನ್ನೇ ತೆಗೆದುಕೊಳ್ಳೋಣ. ‘ಕೊಲೆಯೊಸ್’ ಎಂದರೆ ಕತ್ತಿಯ ಒರೆ. ಒರೆರೆಕ್ಕೆಯವು ಎಂಬ ಈ ಮಾತನ್ನು ಅರಿಸ್ಟಾಟಲನೇ ಬಳಸಿದ್ದಾನೆ. ಗೋಡೆಯ ಮೇಲೆ ಕುಳಿತ ಜೀರುಂಡೆ ಹಾರಹೊರಡುವುದನ್ನು ಹತ್ತಿರದಿಂದ ನೋಡಿದವರಿಗೆ ವಿವರಣೆ ಬೇಕಿಲ್ಲ: ಬೆನ್ನಿನ ನಡುಗೆರೆ ಬಿರಿದು, ಹೊಳೆಯುವ ಎರಡು ಗಟ್ಟಿ ಮುಚ್ಚಳಗಳು ಪಕ್ಕಕ್ಕೆ ಎದ್ದು ನಿಲ್ಲುವುವು, ಅವುಗಳ ಅಡಿಯಲ್ಲಿ ಮಡಿಚಿಕೊಂಡಿದ್ದ, ಮುಚ್ಚಳಕ್ಕಿಂತ ಉದ್ದವಾದ ತೆಳುಪೊರೆಯ ರೆಕ್ಕೆಗಳು ಬಿಚ್ಚಿಕೊಳ್ಳುವುವು, ಹಾರಾಟವೆಲ್ಲ ಮುಖ್ಯವಾಗಿ ಇವುಗಳದೇ, ಮುಚ್ಚಳದ ಕೆಲಸ ರಕ್ಷಣೆ.

ಬಾವಲಿಯ ವರ್ಗಕ್ಕೆ ‘ಕೈರಾಪ್ಟೆರಾ’, ಕೈರೆಕ್ಕೆ, ಎಂಬ ಹೆಸರು. 1809ರಲ್ಲಿ ಕ್ಯೂವಿಯೇ ಹೆಸರಿಟ್ಟ ಟೆರೊಡ್ಯಾಕ್ಟಿಲ್ ಎಂದರೆ ರೆಕ್ಕೆಬೆರಳು. ಕೈ, ಬೆರಳು ಎಂಬ ಈ ಭೇದ ವೃಥಾ ಬಂದುದಲ್ಲ. ಅಳಿದುಹೋದ ಆ ಹಾರುವ ಉರಗದಲ್ಲಿ ನಾಲ್ಕನೆಯ ಬೆರಳೊಂದೇ ಅತಿಶಯವಾಗಿ ಬೆಳೆದು ರೆಕ್ಕೆಯ ಪೊರೆಯ ಅಂಚನ್ನು ಹೊತ್ತಿದ್ದರೆ, ಬಾವಲಿಯಲ್ಲಿ ನಾಲ್ಕು ಬೆರಳುಗಳು ನೀಳವಾಗಿ ಚಾಚಿ, ಅವುಗಳ ನಡುನಡುವೆ ಪೊರೆ ಹರಡಿದೆ. ಉಳಿದ ಹೆಬ್ಬೆರಳು ಮಾತ್ರ ಗಿಡ್ಡಾಗಿ, ಉಗುರಿನೊಡನೆ ಪೊರೆಯ ಹೊರಗೆ ನಿಂತು, ತೆವಳುವಾಗಲೂ ಹತ್ತುವಾಗಲೂ ಆಸರೆ ಹಿಡಿಯುವ ಕೊಕ್ಕೆಯಾಗಿದೆ.